ಹಾನಗಲ್ಲಿನ ಹಳೇ ಸೀರೆ, ಶಿಗ್ಗಾಂವಿಯ ಎಳನೀರು

ನಮ್ಮ ಕಡೆ ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಹಾಕುವುದಿಲ್ಲ. ಒಗೆದು ಒಗೆದು ಮೆತ್ತಗಾದ ಹಳೆಯ ನೂಲಿನ ಸೀರೆಯಲ್ಲಿ ಸುತ್ತುತ್ತಾರೆ. ಸಾಮಾನ್ಯವಾಗಿ ಅದು ಅಜ್ಜಿಯ ಸೀರೆ. ಹಾನಗಲ್ಲಿನಲ್ಲಿ ನಾನು ನರ್ಸ್ ಆಗಿ ಸೇರಿದ ಖಾಸಗಿ ಆಸ್ಪತ್ರೆಯಲ್ಲಿ ಬಿಳಿ ಟವೆಲ್ಲುಗಳ ರಾಶಿಯೇ ಇತ್ತು. ಇದ್ದರೇನು, ಹೆರಿಗೆ ಕೋಣೆಯ ಬಾಗಿಲ ಹೊರಗೆ ಯಾವಾಗಲೂ ಒಬ್ಬ ಮುದುಕಿ ಸೀರೆಯ ತುಂಡನ್ನು ಮಡಚಿ ಎದೆಗೆ ಅವಚಿಕೊಂಡು ನಿಂತಿರುತ್ತಿದ್ದಳು. ಒಳಗೆ ಕೂಸು ಅತ್ತ ಸದ್ದು ಕೇಳಿದ ಕೂಡಲೇ ಬಾಗಿಲ ಸಂದಿಯಲ್ಲಿ ಎರಡು ಕೈ ಬರುತ್ತಿದ್ದವು. ಆ ಅರಿವೆಯನ್ನು ಇಸಿದುಕೊಂಡು ಒಳಗೆ ತರುವುದು ಚಿಕ್ಕ ಸಿಸ್ಟರಿನ ಕೆಲಸ. ನಾನೇ ಚಿಕ್ಕ ಸಿಸ್ಟರ್.

ಸವಣೂರಿನ ನಮ್ಮ ಮನೆತನದಲ್ಲಿ ನರ್ಸಿಂಗ್ ಓದಿದವಳು ನಾನೊಬ್ಬಳೇ. ಅಜ್ಜನ ಕಾಲದವರೆಗೆ ಸಂಸ್ಕೃತ ಪಾಠ, ಪುರಾಣ ಹೇಳುವುದು ಎಂದು ನಡೆದ ಮನೆ. ಅಪ್ಪ ಕಾಲೇಜಿನಲ್ಲಿ ಕಲಿಸುತ್ತಾರೆ, ಕಾಕಾ ವಕೀಲರು. ನಾನು ನರ್ಸ್ ಆಗುತ್ತೇನೆ ಎಂದಾಗ ಯಾರೂ ಜಗಳ ಮಾಡಲಿಲ್ಲ. ಪಾಪ, ಡಾಕ್ಟರ್ ಸೀಟು ಸಿಗಲಿಲ್ಲ ಎಂದು ಮರುಗಿದರು, ಅಷ್ಟೇ. ನಾನು ಡಾಕ್ಟರ್ ಆಗಬೇಕೆಂದು ಯಾವತ್ತೂ ಅಂದಿರಲಿಲ್ಲ ಎನ್ನುವುದು ಯಾರ ನೆನಪಿನಲ್ಲೂ ಇರಲಿಲ್ಲ. ಹೆರಿಗೆ ಕೋಣೆಯಲ್ಲಿ ಕೆಲಸ ಎಂದು ತಿಳಿದಾಗ ಮಾತ್ರ ಅಜ್ಜಿಯ ಮುಖ ಸಣ್ಣಗಾಯಿತು. ಅಜ್ಜಿ ಮಡಿ ಹೆಂಗಸು. ಕೂಸು ಹುಟ್ಟಿದ ಮನೆಯವರಿಗೆ ಪುರುಡಿನ ಮೈಲಿಗೆ ಇರುತ್ತದೆ, ಆಮೇಲೆ ಕಳೆಯುತ್ತದೆ. ನಾನೋ ದಿನಾ ಯಾರದೋ ಮನೆಯ ಪುರುಡನ್ನು ಮೈಮೇಲೆ ಹಾಕಿಕೊಂಡು ಬರುವವಳು. “ಇಕಿಗೆ ವರ್ಷಪೂರ್ತಿ ಪುರುಡು” ಎಂದು ಹೇಳಿ ಅಜ್ಜಿ ತಾನೇ ನಕ್ಕಳು.

ಹಾನಗಲ್ಲಿನಲ್ಲಿ ಬಾಡಿಗೆ ಕೋಣೆ ಮಾಡಿದ್ದೆ. ರಜೆಗೆ ಮನೆಗೆ ಬಂದರೆ ಹಿತ್ತಲ ಬಾಗಿಲಿನಿಂದ ಬರಬೇಕು, ಬಚ್ಚಲಲ್ಲಿ ತಲೆಗೆ ನೀರು ಹಾಕಿಕೊಳ್ಳಬೇಕು, ಒದ್ದೆ ಕೂದಲಲ್ಲೇ ಒಳಗೆ ಕಾಲಿಡಬೇಕು. ನನಗೆ ಮೈಯೆಲ್ಲ ಉರಿಯುತ್ತಿತ್ತು.

“ಅಲ್ಲೇ ಕೈ ತೊಳದು ತೊಳದು ಚರ್ಮ ಸುಲದದ ಅಜ್ಜಿ. ನಿನ್ನ ಬಚ್ಚಲ ನೀರು ಇನ್ನೇನ ತೊಳೀತದ?”

“ನನಗ ಸಮಾಧಾನ ಆಗ್ತದವಾ. ಅಷ್ಟ ಸಾಕು.”

ಇಷ್ಟೆಲ್ಲ ಇದ್ದರೂ ಆ ಕೆಲಸ ನನಗೆ ಇಷ್ಟವಾಗಿತ್ತು. ಕೂಸಿನ ಮೊದಲ ಅಳು ಕೇಳಿದಾಗ ಹಸಿವು, ನಿದ್ದೆ, ಕಾಲುನೋವು ಯಾವುದೂ ನೆನಪಾಗುತ್ತಿರಲಿಲ್ಲ. ನನ್ನ ಕೈ ಚುರುಕಾಗಿದೆ ಎಂದು ದೊಡ್ಡ ಸಿಸ್ಟರ್ ಹೇಳಿದ ದಿನ ಅವ್ವನಿಗೆ ಫೋನು ಮಾಡಿ ಹೇಳಿಕೊಂಡಿದ್ದೆ. ದೊಡ್ಡ ಸಿಸ್ಟರ್ ರಟ್ಟೀಹಳ್ಳಿ ಕಡೆಯವರು. ಹೊಗಳುವುದು ಅವರಿಗೆ ಹಲ್ಲು ಕಿತ್ತಷ್ಟು ಕಷ್ಟ.

ಎರಡನೆಯ ವರ್ಷದ ಒಂದು ಮಧ್ಯಾಹ್ನ ದಿನ ತುಂಬಿದ ಒಬ್ಬಳನ್ನು ಕರೆತಂದರು. ಬಂದಾಗಲೇ ಕೂಸಿನ ಎದೆಬಡಿತ ಇರಲಿಲ್ಲ. ದೊಡ್ಡ ಸಿಸ್ಟರ್ ಹೊಟ್ಟೆಯ ಮೇಲೆಲ್ಲ ಹುಡುಕಿದರು, ಡಾಕ್ಟರು ಹುಡುಕಿದರು, ಸ್ಕ್ಯಾನ್ ಮಾಡಿದರು. ತಾಯಿಗೆ ತಿಳಿಸಿದರು, ಗಂಡನಿಗೂ ತಿಳಿಸಿದರು. ಗಂಡ ತನ್ನ ಅವ್ವನಿಗೆ ಹೇಳಿರುತ್ತಾನೆ ಎಂದು ನಾವೆಲ್ಲ ತಿಳಿದಿದ್ದೆವು. ಅವನು ಯಾರಿಗೂ ಹೇಳದೆ ಗೇಟಿನ ಹೊರಗೆ ಹೋಗಿ ತನ್ನ ಬೈಕಿನ ಮೇಲೆ ಕೂತುಬಿಟ್ಟಿದ್ದ. ಸತ್ತ ಕೂಸನ್ನು ಹೆರುವಾಗಲೂ ನೋವು ಒಂದಿಷ್ಟೂ ಕಡಿಮೆಯಿರುವುದಿಲ್ಲ. ಅದನ್ನು ನಾನು ಆ ದಿನ ನೋಡಿದೆ. ಎಲ್ಲ ಮುಗಿದ ಮೇಲೆ ಏನೋ ತರಲೆಂದು ಬಾಗಿಲು ತೆಗೆದೆ. ಎದುರಿಗೇ ಅವನ ಅವ್ವ, ಕೈಯಲ್ಲಿ ಸೀರೆಯ ತುಂಡು.

“ಅಳೂದ ಕೇಳಲಿಲ್ಲಲ್ರೀ ಅಕ್ಕಾರ. ಗಂಡಸ ಇರಬೇಕು, ಗಂಡ ಹುಡುಗರು ತಡಾ ಮಾಡಿ ಅಳತಾವು” ಎಂದು ನಗುತ್ತ ಕೈ ಚಾಚಿದಳು. “ಹಿಡೀರಿ, ಲಗೂನ ಸುತ್ರಿ. ಕೂಸು ತಣ್ಣಗಾಗತೈತಿ.”

ನಾನು ಬಾಗಿಲು ಮುಚ್ಚಿಬಿಟ್ಟೆ. ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ದೊಡ್ಡ ಸಿಸ್ಟರ್ ನನ್ನನ್ನು ಪಕ್ಕಕ್ಕೆ ಸರಿಸಿ ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಹೊರಗಿನಿಂದ ಅಳು ಕೇಳಿಸಿತು. ಅವರು ತಿರುಗಿ ಬಂದಾಗ ಅವರ ಕೈಯಲ್ಲಿ ಆ ಸೀರೆ ಇತ್ತು. “ಸತ್ತ ಕೂಸಿಗೂ ಅರಿವಿ ಬೇಕಲ್ಲವಾ” ಎಂದು ಹೇಳಿ, ಜೀವ ಇರುವ ಕೂಸನ್ನು ಸುತ್ತುವ ಹಾಗೆಯೇ, ಮುಖಕ್ಕೆ ಗಾಳಿ ಆಡುವಷ್ಟು ಜಾಗ ಬಿಟ್ಟು ಸುತ್ತಿದರು.

ಆಮೇಲೆ ನನಗೆ ಆ ಬಾಗಿಲು ತೆಗೆಯಲು ಆಗಲಿಲ್ಲ. ಒಳಗೆ ಕೂಸು ಕಿರುಚಿ ಅಳುತ್ತಿದ್ದರೂ ಅಷ್ಟೇ. ಸಂದಿಯಲ್ಲಿ ಹಳೇ ಸೀರೆ ಕಂಡರೆ ನನ್ನ ಕೈ ಮೇಲೇಳುತ್ತಿರಲಿಲ್ಲ. ಆಯಾಗೆ ಹೇಳುವುದು, ಇನ್ನೊಬ್ಬ ಸಿಸ್ಟರಿಗೆ ಹೇಳುವುದು, ಏನೋ ನೆವ ಮಾಡಿ ಹಿಂದೆ ಸರಿಯುವುದು. ಹೆರಿಗೆ ಕೆಲಸದಲ್ಲಿ ಕೈ ಮೇಲೇಳದ ನರ್ಸ್ ಇದ್ದೇನು ಪ್ರಯೋಜನ? ನನ್ನ ಮೇಲೆಯೇ ನನಗೆ ಅಸಹ್ಯವಾಗುತ್ತಿತ್ತು.

ಅದೇ ಹೊತ್ತಿಗೆ ನಮ್ಮ ಆಸ್ಪತ್ರೆಯವರೇ ಶಿಗ್ಗಾಂವಿಯಲ್ಲಿ ನಡೆಸುತ್ತಿದ್ದ ಡಯಾಲಿಸಿಸ್ ವಿಭಾಗದಲ್ಲಿ ಒಂದು ಜಾಗ ಖಾಲಿಯಾಯಿತು. ಮೂರು ತಿಂಗಳು ಕೆಲಸ ಕಲಿತು ನೋಡು, ಆಮೇಲೆ ಅಲ್ಲಿ ಉಳಿಯುತ್ತೀಯೋ ಇಲ್ಲಿಗೆ ತಿರುಗಿ ಬರುತ್ತೀಯೋ ಹೇಳು ಎಂದರು. ನರ್ಸುಗಳಿಗೆ ಇದು ಸಣ್ಣ ಮಾತಲ್ಲ. ಮೊದಲ ನಾಲ್ಕಾರು ವರ್ಷ ಯಾವ ಕೆಲಸಕ್ಕೆ ಕೈ ಪಳಗುತ್ತದೆಯೋ ಮುಂದೆ ಅದೇ ನಮ್ಮ ಹಣೆಪಟ್ಟಿ. ಹೆರಿಗೆಯ ಕೈ ಒಮ್ಮೆ ತಪ್ಪಿದರೆ ತಿರುಗಿ ಕೂಡಿಸಿಕೊಳ್ಳುವುದು ಕಷ್ಟ. ಇದೆಲ್ಲ ಗೊತ್ತಿದ್ದೂ ಹೂಂ ಅಂದೆ. ದೊಡ್ಡ ಸಿಸ್ಟರಿಗೆ ಹೇಳಲು ಹೋದಾಗ ಅವರು ಕೈಗವಸು ಕಳಚುತ್ತಿದ್ದರು.

“ಹೋಗವಾ. ಆದ್ರ ಓಡಿ ಹೋಗಬ್ಯಾಡ.”

“ಓಡಾಕತ್ತಿಲ್ರಿ” ಅಂದೆ. ಅವರು ನನ್ನ ಮುಖವನ್ನೂ ನೋಡದೆ ಕೈ ತೊಳೆಯಲು ಹೋದರು.

ಮನೆಯಲ್ಲಿ ಹಬ್ಬವೇ ಆಯಿತು. ಶಿಗ್ಗಾಂವಿಗೆ ಸವಣೂರಿನಿಂದ ದಿನಾ ಬಸ್ಸಿಗೆ ಹೋಗಿಬರಬಹುದು. ಪುರುಡಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ನನಗೆ ಗಂಡು ನೋಡುತ್ತಿದ್ದರು. “ಇದು ಮಷೀನಿನ ಕೆಲಸ ಅದ. ಯಾರರೆ ಕೇಳಿದ್ರ ಹೇಳ್ಲಿಕ್ಕೂ ಚಲೋ ಅನಸ್ತದ” ಎಂದರು ಅಪ್ಪ. ಇಷ್ಟು ದಿನ ನನ್ನ ಕೆಲಸ ಹೇಳಿಕೊಳ್ಳಲು ಚಲೋ ಇರಲಿಲ್ಲ ಎನ್ನುವುದು ನನಗೆ ಗೊತ್ತಾದದ್ದು ಆವಾಗಲೇ. ಅಜ್ಜಿ ಮುಂಬಾಗಿಲಿನಿಂದಲೇ ಬಾ ಎಂದಳು. ಜಗಳ ತೆಗೆಯಬೇಕೆನ್ನಿಸಿತು. ಆದರೆ ಓಡಿಬಂದವಳಿಗೆ ಜಗಳ ಮಾಡುವ ಮುಖವಾದರೂ ಎಲ್ಲಿತ್ತು?

ಡಯಾಲಿಸಿಸ್ ಕೋಣೆ ತಣ್ಣಗೆ, ಸದ್ದಿಲ್ಲದೆ ಇರುತ್ತಿತ್ತು. ಕಿಡ್ನಿ ಕೆಟ್ಟವರು ವಾರಕ್ಕೆ ಎರಡು ಮೂರು ಸಲ ಬಂದು ಕೂರುತ್ತಾರೆ. ತೋಳಿನ ರಕ್ತನಾಳಕ್ಕೆ ಎರಡು ಸೂಜಿ ಚುಚ್ಚಬೇಕು. ಒಂದರಿಂದ ರಕ್ತ ಹೊರಗೆ ಬಂದು, ಮಷೀನಿನಲ್ಲಿ ಸೋಸಿ, ಇನ್ನೊಂದರಿಂದ ಒಳಗೆ ಹೋಗುತ್ತದೆ. ನಾಲ್ಕು ತಾಸಿನ ಕೆಲಸ. ಬಂದವರನ್ನು ತೂಕ ಮಾಡಬೇಕು, ಹೋಗುವಾಗ ತೂಕ ಮಾಡಬೇಕು. ಬಾಗಿಲ ಸಂದಿಯಲ್ಲಿ ಕೈ ಬರುವುದಿಲ್ಲ. ಒಳ್ಳೆಯ ಸುದ್ದಿಯೂ ಇಲ್ಲ, ಕೆಟ್ಟ ಸುದ್ದಿಯೂ ಇಲ್ಲ. ಇದೇ ಸರಿ, ಹೀಗೆಯೇ ಇದ್ದುಬಿಡಬಹುದು ಎಂದುಕೊಂಡೆ. ಇಲ್ಲಿ ಯಾರೂ ಗುಣವಾಗಿ ಮನೆಗೆ ಹೋಗುವುದಿಲ್ಲ ಎನ್ನುವುದನ್ನು ಬೇಕೆಂದೇ ನೋಡದೆ ಇದ್ದೆ.

ಮೂಲೆಯ ಕುರ್ಚಿ ತಡಸದ ಒಬ್ಬ ರೈತಾಪಿ ಹೆಂಗಸಿನದು. ಎಲ್ಲರೂ ಆಕೆಯನ್ನು ತಡಸದವ್ವ ಎನ್ನುತ್ತಿದ್ದರು. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಹೋಗಿದ್ದವು. ಮೊದಲ ಸಲ ನಾನು ಸೂಜಿ ಹಿಡಿದು ನಿಂತಾಗ ತೋಳನ್ನು ತಾನೇ ಮುಂದೆ ಚಾಚಿದಳು.

“ಯಾಕ್ರೀ ಅಕ್ಕಾರ, ಕೈ ನಡಗಾಕತ್ತೈತಿ? ನೀವ ಅಂಜಬ್ಯಾಡ್ರಿ. ಅಂಜೂದು ನನ್ನ ಕೆಲಸ.”

ಆಕೆ ಬರುವಾಗಲೆಲ್ಲ ಒಂದೇ ಸೀರೆ. ನೀಲಿ ಬಣ್ಣ ಮಾಸಿದ, ಅಂಚು ಸವೆದ ನೂಲಿನ ಸೀರೆ. ನಾನು ಕೇಳಿಯೇಬಿಟ್ಟೆ, ಬೇರೆ ಇಲ್ಲವೇ ಎಂದು.

“ಟ್ರಂಕ್ ತುಂಬ ಅದಾವ್ರಿ. ಇದು ಮಮ್ಮಗನ ಸೀರಿ. ಮಗಳು ಬಸುರಿ ಅದಾಳ, ಚೊಚ್ಚಲ. ಹಂಸಭಾವಿಗೆ ಕೊಟ್ಟೇವಿ. ಕೂಸ ಬರೂದ್ರಾಗ ಇದನ್ನ ಉಟ್ಟು, ಒಗದು, ಮೆತ್ತಗ ಮಾಡಾಕತ್ತೇನಿ. ಇಲ್ಲಿ ನಾಕ್ ತಾಸ ಸುಮ್ಮನ ಕುಂಡರ್ತೇನಲ್ಲ, ಒಂದ್ ಕೆಲಸ ಆದಂಗ ಆತು.”

ನಾನು ಮಷೀನಿನ ಕಡೆ ಮುಖ ತಿರುಗಿಸಿದೆ. ಯಾವುದರಿಂದ ಓಡಿ ಬಂದಿದ್ದೆನೋ ಅದು ಇಲ್ಲಿ ಕುರ್ಚಿಯಲ್ಲಿ ಕೂತು ನಗುತ್ತಿತ್ತು. ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಆ ದಿನ ಸೂಜಿ ತೆಗೆದು ಹತ್ತಿ ಒತ್ತಿ ಪಟ್ಟಿ ಕಟ್ಟಿದ್ದೆ. ಆಕೆ ಮಾತಿನ ಭರದಲ್ಲಿ ಅದೇ ಕೈ ಬೀಸಿ ನಕ್ಕಳು, ಪಟ್ಟಿ ಸಡಿಲಾಗಿ ಸೆರಗಿನ ಮೇಲೆ ರಕ್ತ ಇಳಿಯಿತು. “ಒಗದ್ರ ಹೋಗತೈತಿ ಬಿಡ್ರಿ” ಎಂದಳು. ಹೋಗಲಿಲ್ಲ. ಸೆರಗಿನ ಅಂಚಿನಲ್ಲಿ ಗೋಡಂಬಿ ಆಕಾರದ ಕಂದು ಕಲೆ ಉಳಿಯಿತು.

ಕಿಡ್ನಿ ಹೋದವರು ನೀರನ್ನು ಅಳೆದು ಕುಡಿಯಬೇಕು. ಎಳನೀರನ್ನಂತೂ ಮುಟ್ಟಲೇಬಾರದು. ಎಳನೀರಿನಲ್ಲಿ ಪೊಟ್ಯಾಸಿಯಂ ಬಹಳ. ನಮ್ಮ ನಿಮ್ಮ ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ, ಅವರ ಮೈಯಲ್ಲಿ ಅದು ಹಾಗೆಯೇ ಉಳಿದು ಎದೆಬಡಿತವನ್ನೇ ನಿಲ್ಲಿಸಬಹುದು. ಇದನ್ನು ಒಬ್ಬೊಬ್ಬರಿಗೂ ದಿನಾ ಹೇಳುತ್ತಿದ್ದೆವು. ಆದರೆ ನಮ್ಮ ಕಡೆ ರೋಗಿಯನ್ನು ನೋಡಲು ಬರಿಗೈಯಲ್ಲಿ ಯಾರೂ ಹೋಗುವುದಿಲ್ಲ. ಒಯ್ದದ್ದನ್ನು ತಿರುಗಿ ಮನೆಗೆ ತರುವುದಿಲ್ಲ. ರೋಗಿ ಎಂದರೆ ಮೊದಲು ನೆನಪಾಗುವುದೇ ಎಳನೀರು. ತಡಸದವ್ವನಿಗೆ ಇದೆಲ್ಲ ಬಾಯಿಪಾಠವಾಗಿತ್ತು. ಹೊಸದಾಗಿ ಬಂದ ರೋಗಿಗಳಿಗೆ ಆಕೆಯೇ ಕೂತಲ್ಲಿಂದ ಗದರಿಸುತ್ತಿದ್ದಳು.

ಮಗಳಿಗೆ ಏಳನೆಯ ತಿಂಗಳು ಬಂತು, ಕುಬಸ ಗೊತ್ತಾಯಿತು. ತವರಿನವರು ಹಸಿರು ಸೀರೆ, ರವಿಕೆಯ ಕಣ, ಬುಟ್ಟಿ ಬುಟ್ಟಿ ತಿನಿಸು ಹೊತ್ತುಕೊಂಡು ಬೀಗರ ಊರಿಗೆ ಹೋಗಿ ಬಸುರಿಯ ಉಡಿ ತುಂಬುವ ಕಾರ್ಯ ಅದು. ಆ ದಿನವೇ ತಡಸದವ್ವನ ಡಯಾಲಿಸಿಸ್ ಇತ್ತು.

“ಸೋಮವಾರ ಬರಂಗಿಲ್ರೀ ಅಕ್ಕಾರ.”

“ಕುಬಸ ಒಂದಿನ ಮುಂದ ಹಾಕ್ರಿ.”

“ಸ್ವಾಮ್ಯಾರು ದಿನಾ ನೋಡಿ ಕೊಟ್ಟಾರ್ರಿ, ನಾ ಹ್ಯಾಂಗ ಮುಂದ ಹಾಕ್ಲಿ?”

“ಹಂಗಾರ ಮುಂಜಾನೆ ಇಲ್ಲೆ ಕೂತು, ಮುಗಿಸ್ಕೊಂಡು ಹೋಗ್ರಿ.”

“ಮಷೀನಿನಿಂದ ಎದ್ದ ದಿನ ನಾ ಹೆಣಾ ಆಗಿರ್ತೇನಿ, ನಿಮಗ ಗೊತ್ತೈತಿ. ಹೆಣಾ ಹೋಗಿ ಮಗಳ ಉಡಿ ತುಂಬೂದೇನ್ರಿ?”

ನಾನು ಬೈದೆ. ಡಾಕ್ಟರು ಕರೆದು ಹೇಳಿದರು. ಆಕೆಯ ಮಗನಿಗೂ ಹೇಳಿದೆವು. ಆಕೆ ಎಲ್ಲರಿಗೂ ತಲೆಯಾಡಿಸಿದಳು. ಮಂಗಳವಾರ ಬೆಳಗಾಗುತ್ತಲೇ ಮೊದಲ ಪಾಳಿಯಲ್ಲಿ ಬರಬೇಕೆಂದು ಕಡೆಗೆ ಮಾತಾಯಿತು. “ನೀರ ಒಂದ್ ಹನಿ ಮುಟ್ಟಂಗಿಲ್ಲ, ಆಣೆ” ಎಂದು ನನ್ನ ಕೈ ಮುಟ್ಟಿ ಹೋದಳು.

ಮಂಗಳವಾರ ಮಗ ಆಕೆಯನ್ನು ಎತ್ತಿಕೊಂಡು ಬಂದ. ಕಾಲಲ್ಲಿ ಶಕ್ತಿಯಿರಲಿಲ್ಲ. ಉಟ್ಟಿದ್ದು ಕುಬಸದ ದಿನದ ಹೊಸ ಸೀರೆ, ತಲೆಯಲ್ಲಿ ಬಾಡಿದ ಹೂವು. ಎದೆಗೆ ತಂತಿ ಹಚ್ಚಿ ಪರದೆ ನೋಡಿದೆ. ಅಲೆಗಳು ಚೂಪಾಗಿ, ಎತ್ತರವಾಗಿ ಎದ್ದಿದ್ದವು. ಓದುವಾಗ ಪುಸ್ತಕದಲ್ಲಿ ನೋಡಿದ್ದ, ಪೊಟ್ಯಾಸಿಯಂ ಏರಿದವರ ಎದೆಬಡಿತದ ಚಿತ್ರವೇ ಅದು. ಡಾಕ್ಟರನ್ನು ಕೂಗಿದೆ. ಅವರು ಇಂಜೆಕ್ಷನ್ ಹಾಕುತ್ತಿದ್ದಂತೆ ನಾನು ಸೂಜಿ ಚುಚ್ಚಿ ಮಷೀನು ಹಚ್ಚಿದೆ. ಕೈ ನಡುಗಲಿಲ್ಲ. ಕಿವಿಯ ಹತ್ತಿರ ಬಾಗಿ ಏನು ತಿಂದೆ, ಏನು ಕುಡಿದೆ ಎಂದು ಕೇಳಿದೆ.

“ನೀರ ಮುಟ್ಟಿಲ್ರಿ. ಮಗಳು ಎಳನೀರ ಕೊಟ್ಟಳು.”

“ಗೊತ್ತಿದ್ದೂ ಯಾಕ ಕುಡದ್ರಿ?”

“ಹಸರ ಸೀರಿ ಉಟಗೊಂಡು ಎಲ್ಲಾರ ಮುಂದ ತಾನ ತಂದು ಕೊಟ್ಟಳು. ಬಿಸಲಾಗ ಬಂದೀ, ನೀರ ಕುಡಿಯಂಗಿಲ್ಲ, ಇದನ್ನರ ಕುಡಿಯವ್ವ ಅಂದ್ಳು. ಬಸುರಿ ಕೈ ಹಿಂದಕ ಸರಸಬಾರ್ದ್ರಿ. ಎರಡ ಕುಡದೆ.” ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಳು. “ಬೆಳಗಾದ್ರ ಹೆಂಗೂ ಮಷೀನು ತಗೀತೈತಿ ಅಂದಕೊಂಡೆ.”

ನನ್ನ ಮಣಿಕಟ್ಟು ಹಿಡಿದಳು. ಆ ಕೈಯಲ್ಲಿ ಹಿಡಿತವೇ ಇರಲಿಲ್ಲ.

“ಅಕಿಗೆ ಹೇಳಬ್ಯಾಡ್ರಿ.”

ಆಕೆಯ ಕಡೆಯ ಮಾತು ಅದೇ. ಪರದೆಯ ಮೇಲಿನ ಅಲೆ ಹರಡಿಕೊಂಡು ಅಡ್ಡಾದಿಡ್ಡಿಯಾಯಿತು, ಆಮೇಲೆ ಗೆರೆಯಾಯಿತು. ಎದೆ ಒತ್ತಿದೆವು. ತೋಳು ಸೋಲುವವರೆಗೆ ನಾನು ಒತ್ತಿದೆ, ಆಮೇಲೆ ಡಾಕ್ಟರು, ತಿರುಗಿ ನಾನು. ಹೂವಿನ ಎಸಳು ದಿಂಬಿನ ಮೇಲೆಲ್ಲ ಚೆಲ್ಲಿದ್ದವು. ಸಾಕು ಎಂದರು ಡಾಕ್ಟರು.

ಹೊರಗೆ ಮಗ ಆಕೆಯ ಚಪ್ಪಲಿ ಹಿಡಿದು ನಿಂತಿದ್ದ. ಈ ಸಲ ಬಾಗಿಲು ತೆಗೆದು ಹೋಗಿ ಹೇಳಿದವಳು ನಾನೇ. ಡಾಕ್ಟರು ಇನ್ನೊಬ್ಬ ರೋಗಿಯ ಹತ್ತಿರ ಹೋಗಿದ್ದರು, ನನ್ನನ್ನು ಬಿಟ್ಟರೆ ಅಲ್ಲಿ ಹೋಗುವವರು ಇರಲಿಲ್ಲ. ಎದೆ ನಿಂತಿತು ಅಂದೆ. ಅವನು ಚಪ್ಪಲಿಗಳನ್ನು ನೆಲಕ್ಕಿಟ್ಟು ಜೋಡಿಸಿದ, ಮತ್ತೆ ಎತ್ತಿಕೊಂಡ. ತಂಗಿಗೆ ಈಗಲೇ ಹೇಳುವುದಿಲ್ಲ ಎಂದ. ಹೇಳಿದರೂ ಆಕೆ ಬರುವಂತಿರಲಿಲ್ಲ. ಬಸುರಿ ಹೆಣದ ಮುಖ ನೋಡಬಾರದು ಎನ್ನುತ್ತಾರೆ.

ಆ ದಿನ ಮನೆಗೆ ಬಂದವಳು ಯಾರೂ ಹೇಳದೆ ಹಿತ್ತಲ ಕಡೆಗೆ ಹೋದೆ. ಬಚ್ಚಲಲ್ಲಿ ಕೂತು ಕೊಡಗಟ್ಟಲೆ ತಣ್ಣೀರು ಸುರಿದುಕೊಂಡೆ. ಅಜ್ಜಿ ಬಾಗಿಲ ಹೊರಗೆ ಬಂದು ನಿಂತದ್ದು ಗೊತ್ತಾಯಿತು.

“ಯಾರು ಹೋದ್ರು?”

“ನಮ್ಮವರು ಯಾರೂ ಅಲ್ಲ ಅಜ್ಜಿ.”

“ಮತ್ಯಾಕ ಹಂಗ ಅಳ್ಲಿಕ್ಕತ್ತೀ?” ಎಂದಳು. ಅಜ್ಜಿ ಒಣ ಟವೆಲ್ಲನ್ನು ಬಾಗಿಲ ಮೇಲೆ ಹಾಕಿ ಹೋದಳು. ಸ್ನಾನ ಮಾಡದೆ ನಾನು ಮುಟ್ಟಬಾರದ, ಆಕೆಯ ಮಡಿ ಟವೆಲ್ಲು ಅದು.

ಮೂರು ತಿಂಗಳು ಮುಗಿಯಿತು. ಹೆರಿಗೆ ಕೋಣೆಯಲ್ಲಿ ಜನ ಕಡಿಮೆಯಿದ್ದಾರೆ ಎಂದು ನನ್ನನ್ನು ಒಂದಿಷ್ಟು ದಿನ ಹಾನಗಲ್ಲಿಗೆ ತಿರುಗಿ ಕರೆದರು. ಮುಂದಿನ ತಿಂಗಳ ಪಾಳಿ ಹಾಕುವ ಮೊದಲು ನನ್ನ ನಿರ್ಧಾರ ಹೇಳಬೇಕಿತ್ತು. ಅಪ್ಪ ದಿನಾ ಫೋನು ಮಾಡುತ್ತಿದ್ದರು. ಗಂಡಿನ ಕಡೆಯವರಿಗೆ ಡಯಾಲಿಸಿಸ್ ಎಂದೇ ಹೇಳಿಬಿಟ್ಟಿದ್ದರಂತೆ. “ಹೇಳಿದ್ದು ಸುಳ್ಳ ಆಗಬಾರದಲ್ಲವಾ” ಎಂದರು. ನಿಮ್ಮ ಮಾತು ಸುಳ್ಳಾಗದೆ ಇರಲಿ ಎಂದು ನಾನು ನನ್ನ ಜೀವನ ಹೊಂದಿಸಿಕೊಳ್ಳಬೇಕೇನು ಎಂದು ಕೇಳಿ ಫೋನಿಟ್ಟೆ. ನಿಜ ಹೇಳಬೇಕೆಂದರೆ ಎರಡೂ ಬೇಡವಾಗಿದ್ದವು. ಈ ಬಾಗಿಲೂ ಬೇಡ, ಆ ಕುರ್ಚಿಯೂ ಬೇಡ. ನೌಕರಿಯನ್ನೇ ಬಿಟ್ಟು ಯಾವುದಾದರೂ ಕಾಲೇಜಿನಲ್ಲಿ ಪಾಠ ಹೇಳಿಕೊಂಡಿರೋಣ ಎಂದು ಕೂಡ ಅನ್ನಿಸಿತು. ಪಾಠ ಹೇಳುವ ಮನೆತನ, ಎಲ್ಲರಿಗೂ ಒಪ್ಪಿಗೆಯಾಗುತ್ತಿತ್ತು.

ಒಂದು ಬೆಳಿಗ್ಗೆ ಹಂಸಭಾವಿಯಿಂದ ಒಬ್ಬಳನ್ನು ಕರೆತಂದರು. ಜೊತೆಗೆ ಅತ್ತೆ, ಗಂಡ. ಚೊಚ್ಚಲ ಹೆರಿಗೆಗೆ ಅತ್ತೆ ಬಂದಿದ್ದಾಳೆಂದರೆ ತವರಿನಲ್ಲಿ ಬಾಣಂತನ ಮಾಡುವವರಿಲ್ಲ ಎಂದೇ ಅರ್ಥ. ನನಗೆ ಆಗಲೇ ತಿಳಿಯಬೇಕಿತ್ತು, ತಿಳಿಯಲಿಲ್ಲ. ಹುಡುಗಿ ನೋವಿನಲ್ಲಿ ಒಮ್ಮೆಯೂ ಅವ್ವಾ ಎಂದು ಕೂಗಲಿಲ್ಲ. ಆ ಕೋಣೆಯಲ್ಲಿ ಎಲ್ಲರೂ ಕೂಗುತ್ತಾರೆ. ಈಕೆ ಹಲ್ಲು ಕಚ್ಚಿ ಸುಮ್ಮನಿದ್ದಳು. ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು, ಹುಟ್ಟಿದ ಕೂಡಲೇ ಅತ್ತಿತು.

ಬಾಗಿಲ ಸಂದಿಯಲ್ಲಿ ಎರಡು ಕೈ ಬಂದವು. ಆಯಾ ಆಚೆ ಇದ್ದಳು. ದೊಡ್ಡ ಸಿಸ್ಟರಿನ ಕೈ ಖಾಲಿಯಿರಲಿಲ್ಲ. ಅವರು ನನ್ನ ಕಡೆ ನೋಡಿದರು, ಹೋಗು ಎನ್ನಲಿಲ್ಲ. ನಾನು ಹೋದೆ. ಅತ್ತೆಯ ಕೈಯಲ್ಲಿದ್ದದ್ದು ನೀಲಿ ಬಣ್ಣ ಮಾಸಿದ ನೂಲಿನ ಸೀರೆ. ಮಡಿಕೆಯ ಮೇಲುಗಡೆ, ಸೆರಗಿನ ಅಂಚಿನಲ್ಲಿ, ಗೋಡಂಬಿ ಆಕಾರದ ಕಂದು ಕಲೆ. ಎಷ್ಟು ಹೊತ್ತು ಹಾಗೆ ನಿಂತೆನೋ. “ಯಾಕ್ರೀ, ಕಲಿ ಐತಂತನ? ಸ್ವಚ್ಛ ಒಗದೇವ್ರಿ. ಇದನ್ನ ತರಬೇಕು ಅಂತ ಸೊಸಿ ಹಟಾ ಹಿಡದ್ಳು” ಎಂದಳು ಅತ್ತೆ. ನಾನು ಎರಡೂ ಕೈ ಚಾಚಿ ಇಸಿದುಕೊಂಡೆ. ಅಷ್ಟು ಮೆತ್ತಗಿನ ಸೀರೆಯನ್ನು ನಾನು ಮುಟ್ಟಿರಲಿಲ್ಲ.

ಕೂಸನ್ನು ಸುತ್ತಿ ತಾಯಿಯ ಪಕ್ಕದಲ್ಲಿ ಮಲಗಿಸಿದೆ. ಹುಡುಗಿ ಮೊದಲು ಮೂಸಿದ್ದು ಸೀರೆಯನ್ನು, ಕೂಸನ್ನಲ್ಲ.

“ತಡಸದಾಕಿ ಏನು ನೀ?” ಎಂದು ಕೇಳಿದೆ.

“ಹೌದ್ರಿ.” ನನ್ನನ್ನು ದಿಟ್ಟಿಸಿದಳು. “ನೀವು ಶಿಗ್ಗಾಂವಿ ಮಷೀನಿನ ಅಕ್ಕಾರೇನ್ರಿ, ಸವಣೂರಿನವರು? ಅವ್ವ ಭಾಳ ಹೇಳತಿದ್ಳು. ಕಡೀಕ ನೀವ ಇದ್ರಂತಲ್ರಿ ಹತ್ರ. ನನಗ ಮುಖಾ ನೋಡಾಕ ಬಿಡಲಿಲ್ಲ.”

“ಇದ್ದೆ.”

“ತ್ರಾಸ ಆತೇನ್ರಿ ಅಕಿಗೆ?”

“ಇಲ್ಲವಾ. ಎದಿ ನಿಂತು ಹೋತು. ನಿನ್ನ ಮಾತ ಆಡಿದ್ರು.”

ಅದು ಸುಳ್ಳಂತೂ ಆಗಿರಲಿಲ್ಲ. ಆಗ ಆಕೆ ಅತ್ತಳು, ಬೆಳಿಗ್ಗೆಯಿಂದ ತಡೆದದ್ದನ್ನೆಲ್ಲ ಅತ್ತಳು. ಅತ್ತು ಮುಗಿಸಿ, ಕಲೆಯ ಮೇಲೆ ಬೆರಳಾಡಿಸುತ್ತ, ಸಮಾಧಾನದ ದನಿಯಲ್ಲಿ ಹೇಳಿದಳು.

“ಒಂದ್ ಮಾತ್ರ ಪುಣ್ಯಾ ನೋಡ್ರಿ ಅಕ್ಕಾರ. ಕುಬಸದ ದಿನ ನನ್ನ ಕೈಯಾರೆ ಎಳನೀರ ಕುಡಿಸಿ ಕಳಿಸೇನಿ. ತಣ್ಣಗಾತವ್ವ ಅಂದ್ಳು. ಅದನ್ನ ನೆನಸಕೊಂಡ ಬದಕೇನಿ.”

ದೊಡ್ಡ ಸಿಸ್ಟರ್ ಆ ಕಡೆ ಏನೋ ತೊಳೆಯುತ್ತಿದ್ದರು, ನೀರಿನ ಸದ್ದು ನಿಂತಿತು. ಹೇಳಿದರೆ ಈ ಹುಡುಗಿ ಉಳಿಯುವುದಿಲ್ಲ. ಹೇಳದೆ ಇದ್ದರೆ ನಾನು ಇದನ್ನು ಸಾಯುವ ತನಕ ಹೊರಬೇಕು. ಹೊರುವುದೇ ಸರಿ ಎಂದು ಆ ಕ್ಷಣಕ್ಕೆ ಅನ್ನಿಸಿತು, ಇವತ್ತಿಗೂ ಹಾಗೆಯೇ ಅನ್ನಿಸುತ್ತದೆ. “ಹೌದವಾ” ಅಂದೆ. ಕೂಸಿನ ಮುಖದ ಮೇಲೆ ಬಿದ್ದಿದ್ದ ಸೆರಗನ್ನು ಸರಿಸಿದೆ.

ಸಂಜೆ ದೊಡ್ಡ ಸಿಸ್ಟರಿಗೆ ಶಿಗ್ಗಾಂವಿಗೆ ಹೋಗುತ್ತೇನೆ ಅಂದೆ.

“ಮತ್ತ ಓಡಾಕತ್ತೀಯೇನ?”

“ಇಲ್ರಿ. ಇವತ್ತು ಅರಿವಿ ಇಸಗೊಂಡೆನಲ್ರಿ.”

ಅವರು ಹೂಂ ಎಂದರು. ಹೆರಿಗೆ ಕೋಣೆಯ ಬಾಗಿಲಲ್ಲಿ ನಿಂತಾಗ ಆಗಬೇಕಾದದ್ದು ಆಗಿಹೋಗಿರುತ್ತದೆ, ನಾವು ಸುದ್ದಿ ಹೇಳುತ್ತೇವೆ ಅಷ್ಟೇ. ಶಿಗ್ಗಾಂವಿಯ ಬಾಗಿಲಲ್ಲಿ ನಿಂತರೆ ಆಗುವ ಮೊದಲೇ ಒಂದು ಕೈಯನ್ನಾದರೂ ತಡೆಯಬಹುದೇನೋ ಎಂದು ನನಗೆ ಅನ್ನಿಸಿತ್ತು. ಇದನ್ನು ಅವರಿಗೆ ಬಿಡಿಸಿ ಹೇಳಲಿಲ್ಲ. ಅಪ್ಪ ತಮ್ಮ ಮಾತು ಉಳಿಯಿತೆಂದು ಸಂತೋಷಪಟ್ಟರು, ಅವರಿಗೂ ಬಿಡಿಸಿ ಹೇಳಲಿಲ್ಲ. ಆ ಗಂಡಿನವರು ಆಮೇಲೆ ಸುದ್ದಿಯೇ ಕಳಿಸಲಿಲ್ಲ.

ಈಗ ಶಿಗ್ಗಾಂವಿಯಲ್ಲೇ ಇದ್ದೇನೆ. ಮೂಲೆಯ ಕುರ್ಚಿಯಲ್ಲಿ ಬೇರೆಯವರು ಕೂರುತ್ತಾರೆ. ಅವರೂ ಒಂದು ದಿನ ಬರುವುದಿಲ್ಲ, ಆ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ. ಎಷ್ಟು ಹೇಳಿದರೂ ಜನ ಎಳನೀರು ತರುವುದನ್ನು ಬಿಟ್ಟಿಲ್ಲ. ನಾನು ಬಾಗಿಲಲ್ಲೇ ತಡೆದು ಇಸಿದುಕೊಳ್ಳುತ್ತೇನೆ. ರೋಗಿಗೆ ತಂದದ್ದನ್ನು ಅವರು ತಿರುಗಿ ಒಯ್ಯುವುದಿಲ್ಲ, ಚೆಲ್ಲಿದರೆ ನೊಂದುಕೊಳ್ಳುತ್ತಾರೆ. ಅದಕ್ಕೆ ಅವರ ಎದುರಿಗೇ ನಾನು ಕುಡಿಯುತ್ತೇನೆ. ನನಗೆ ಈಗ ಎಳನೀರಿನ ವಾಸನೆಯೇ ಆಗುವುದಿಲ್ಲ.

ಮೊನ್ನೆ ಒಬ್ಬ ಹುಡುಗಿ ಬಿಸಿಲಲ್ಲಿ ಬಸ್ಸಿಳಿದು, ಕೆತ್ತಿಸಿದ ಎಳೆಗಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ಬಂದಳು. ನಾನು ಇಸಿದುಕೊಂಡು ಬಾಯಿಗೆ ಹಚ್ಚಿದಾಗ ಆಕೆಯ ಕಣ್ಣು ತುಂಬಿತು.

“ಅದು ನಮ್ಮವ್ವಗ ತಂದದ್ದರಿ.”

“ಗೊತ್ತದವಾ” ಎಂದು ಹೇಳಿ ತಳದ ತನಕ ಕುಡಿದೆ.